ತಾಯಿಹಲಗೆ

ಕುತಾಯಿಸಿಯಲ್ಲಿ, ಸೇತುವೆ ದಾಟುವ ಮುಂಚೆ,
ಔಷಧದಂಗಡಿಯ ಮೆಟ್ಟಿಲ ಕೆಳಗೆ
ನಜೀಬ್ರೋಲಾಳ ರಿಪೇರಿ ಗೂಡು.
ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು.
ನಿಲ್ಲುವವನು ನಾನು.
ತಿರುಪು ಎಣಿಸುವುದು ನನ್ನ ಕೆಲಸ.

ಓತಿಯಾ ಬಂದ
ಕಂಬಳಿಯಲ್ಲಿ ಕಂಪ್ಯೂಟರು ಸುತ್ತಿಕೊಂಡು.
ಗುಡುಗಿದ ರಾತ್ರಿ ಕರೆಂಟು ಒಮ್ಮೆ ಉಬ್ಬಿ
ಒಳಗೇನೋ ಚಟ್ ಅಂದಿತಂತೆ,
ಆಮೇಲೆ ಸೀದ ಬೆಳ್ಳುಳ್ಳಿಯ ವಾಸನೆ.

ಇಪ್ಪತ್ತೆರಡು ವರ್ಷ, ದಿನಕ್ಕೆರಡು ಸಲ
ರಿಯೋನಿ ಹೊಳೆಯ ಮಟ್ಟ ಅಳೆದವನು,
ಸಂಬಳ ನಿಂತ ಮೇಲೂ ಅಳೆದವನು.
ಲೆಕ್ಕವಿಡುವ ಪ್ರೋಗ್ರಾಮು ಗೆಳೆಯ ಬೊಂದೊ ಬರೆದದ್ದು.
ಬೊಂದೊ ಈಗಿಲ್ಲ.
ಅದನ್ನು ಮತ್ತೆ ಹಾಕುವ ಸಿ.ಡಿ.ಯೂ ಇಲ್ಲ.

'ಹಲಗೆ ಬದಲಿಸಿದರೆ
ಎಲ್ಲವನ್ನೂ ಮೊದಲಿಂದ ಹಾಕಬೇಕಂತೆ, ಹೌದೇ?'
ಕೇಳಿದ್ದು ಅವಳನ್ನು, ನೋಡಿದ್ದು ನನ್ನನ್ನು.

ಇಲ್ಲಿನ ಮಾತಿನಲ್ಲೂ ಅದು ತಾಯಿಯೇ: ದೇದಾದಾಫಾ.
ನೆಲ ತಾಯಿ, ನುಡಿ ತಾಯಿ, ರಾಜಧಾನಿ ತಾಯೂರು,
ಹಳೆಮನೆಗಳ ನಡುಗಂಬಕ್ಕೂ
ತಾಯಿಗಂಬವೆಂದೇ ಹೆಸರು.
ನಜೀಬ್ರೋಲಾಳ ಅಜ್ಜ ಬಡಗಿ.
ಹುಳ ಹಿಡಿದ ತಾಯಿಗಂಬವೊಂದನ್ನು
ಸೂರಿನಿಂದ ಹಿಡಿ ಮಣ್ಣೂ ಉದುರದ ಹಾಗೆ
ಬದಲಿಸಿದ್ದನಂತೆ. ಕೆಳಗೆ ಒಲೆ ಉರಿಯುತ್ತಲೇ ಇತ್ತು,
ಅಟ್ಟದ ಮೇಲೆ ಬೆಕ್ಕಿಗೆ ಎಚ್ಚರವಾಗಲಿಲ್ಲ.
'ಹಾಗಂತ,' ಅಂದಳು,
'ಎಲ್ಲ ಮನೆಯೂ ಒಪ್ಪುತ್ತದೆ ಅನ್ನಲಾರೆ.'

ಮೊದಲು ಡಿಸ್ಕಿನ ನಕಲು ತೆಗೆದಳು. ಎರಡು ತಾಸು.
ಓತಿಯಾ ಹೊರಗೆ ನಿಂತು ಸೇದಿದ, ಸೇದಿದ.
ಅದೇ ಕಂಪನಿಯ ಹಲಗೆ ಈಗ ಸಿಗುವುದಿಲ್ಲ;
ಪೋತಿಯಲ್ಲಿ ಮುಚ್ಚಿಹೋದ ಇಂಟರ್ನೆಟ್ ಕೆಫೆಯದೊಂದು,
ಧೂಳು ಒರೆಸಿ ಇಟ್ಟಿದ್ದಳು.
ಒಂಬತ್ತು ತಿರುಪು ಬಿಚ್ಚಿದೆ. ಒಂಬತ್ತು ಎಣಿಸಿದೆ.

ಗುಂಡಿ ಒತ್ತಿದಾಗ ಫ್ಯಾನು ತಿರುಗಿತು,
ಅಕ್ಷರ ಮೂಡಿತು,
ಆಮೇಲೆ ಬರೀ ನೀಲಿ.
ಓತಿಯಾ ತಲೆಯ ಮೇಲಿನ ಟೋಪಿ ತೆಗೆದ.

'ಹಾಕಿಕೋ ಟೋಪಿ,' ಅಂದಳು,
'ಸತ್ತಿಲ್ಲ, ಗಾಬರಿಯಾಗಿದೆ.
ಹಳೇ ಮನೆಯ ಬಾಗಿಲು ಎಡಕ್ಕಿತ್ತು,
ಕತ್ತಲಲ್ಲಿ ಎಡಕ್ಕೇ ಕೈ ಚಾಚುತ್ತಿದೆ.'
ಬಯಾಸಿನೊಳಗೆ ಇಳಿದು
ಒಂದೇ ಒಂದು ಸಾಲು ತಿದ್ದಿದಳು.

ಸಾಧನಗಳನ್ನು ಸಿದ್ಧಪಡಿಸಲಾಗುತ್ತಿದೆ
ನೂರಕ್ಕೆ ಹನ್ನೊಂದು,
ಮೂವತ್ತನಾಲ್ಕು,
ಮೂವತ್ತನಾಲ್ಕು,
ಮೇಲೆ ಔಷಧದಂಗಡಿಯಲ್ಲಿ ಯಾರೋ ಕೆಮ್ಮಿದರು
ಮೂವತ್ತನಾಲ್ಕು.

ಬಂತು.
ಬೊಂದೊನ ಪ್ರೋಗ್ರಾಮು, ಅದರ ಮೂಲೆಯಲ್ಲಿ
ಅವನೇ ಬಿಡಿಸಿದ್ದ ಸೊಟ್ಟ ಮೀನು.
ಸದ್ದಿಲ್ಲ, ಅಕ್ಷರಗಳೆಲ್ಲ ಊದಿಕೊಂಡಿವೆ;
ಡ್ರೈವರು ಹಾಕಿದರೆ ಇಳಿಯುತ್ತದೆ ಅಂದಳು.
ಕೆಳಗೊಂದು ಮಸುಕು ಬರಹ: ಪರವಾನಗಿ ಸಿಂಧುವಲ್ಲ.
ಇಷ್ಟು ವರ್ಷ ಇದ್ದ ಮನೆಯವನನ್ನೇ
ಯಾರು ನೀನು, ಚೀಟಿ ತೋರಿಸು, ಅಂತಿತ್ತು.

ಓತಿಯಾ ಅದನ್ನು ಓದಲೇ ಇಲ್ಲ.
ಅವನ ಬೆರಳು ಗಡಿಯಾರದ ಮೇಲಿತ್ತು:
ಜನವರಿ ಒಂದು, ಹದಿನಾಲ್ಕು ವರ್ಷದ ಹಿಂದಿನದು.
'ಅವತ್ತು ದಂಡೆಯಲ್ಲಿ ನೀರು ಹೆಪ್ಪುಗಟ್ಟಿತ್ತು.
ಇವತ್ತಿನ ಹೊಳೆಯನ್ನು
ಆ ದಿನಕ್ಕೆ ಸುರಿದುಬಿಟ್ಟರೆ?'
ತಾನೇ ಕೂತು ದಿನ ತಿದ್ದಿದ, ತಾಸು ತಿದ್ದಿದ,
ನಿಮಿಷಕ್ಕೆ ಕೈಗಡಿಯಾರ ನೋಡಿದ.
ಆಮೇಲೆ ಸಿಗರೇಟು ಪೊಟ್ಟಣದ ಒಳಮೈ ಬಿಡಿಸಿ
ಐದು ದಿನದ ನೀರು, ಹತ್ತು ಅಂಕಿ,
ಎರಡೇ ಬೆರಳಲ್ಲಿ ಕುಟ್ಟಿದ.

'ಹಾಗಾದರೆ ಹೊಸದಾಗಿ ಹಾಕಬೇಕಿಲ್ಲ?'
'ಈ ಸಲ ಇಲ್ಲ.
ವಾರದೊಳಗೆ ಎಡವಿಬಿದ್ದರೆ ಬಾ,
ಆಗ ಹಾಕಲೇಬೇಕು. ನಕಲು ಇದೆ,
ಆದರೆ ಆ ಮೀನಿಗೆ ನಾನು ಹೊಣೆಯಲ್ಲ.'

ಮುಚ್ಚಳ ಹಾಕುವಾಗ ಎಣಿಸಿದೆ,
ತಟ್ಟೆಯಲ್ಲಿ ಒಂದು ತಿರುಪು ಉಳಿದಿತ್ತು.
ನನ್ನ ಎದೆ ಧಸಕ್ಕೆಂದದ್ದು ಅವಳಿಗೆ ಕೇಳಿಸಿತೋ ಏನೋ,
ತಲೆಯೆತ್ತದೆ ಅಂದಳು:
'ಈ ಹಲಗೆಗೆ ಎಂಟೇ ತೂತು.'