ಅಂಗೈಯಗಲ

ಇನಾರಿಯಲ್ಲಿ ಅಂದು ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
ಊಲುವಿನಿಂದ ನಾನು ಹೊತ್ತು ತಂದ ಮಾದರಿ ಫೋನು
ನಿಲ್ಲಾಸನ ಮೇಜಿನ ಮೇಲೆ, ಕಾಫಿ ಲೋಟದ ಪಕ್ಕ.
"ಏನೇನು ಬೇಕು, ಹೇಳಿ" ಅಂದೆ, ಪೆನ್ನು ತೆರೆದು.

ಕೈಗವಸು ಕಳಚದೆ ಒತ್ತುವಂಥ ಗುಂಡಿ.
ಜಾರುಬಂಡಿಯಿಂದ ಬಿದ್ದರೂ ಒಡೆಯದ ಮೈ.
ಮೊಮ್ಮಗಳ ಮುಖ ತುಂಬುವಷ್ಟು ಗಾಜು.
ಹಿಮಸಾರಂಗದ ಕಿವಿಯ ಗುರುತನ್ನು
ದೂರದಿಂದಲೇ ಹಿಡಿವ ಕಣ್ಣು.
ವಾರವಿಡೀ ಚಾರ್ಜು. ಆಮೇಲೆ,
ಎದೆಜೇಬಿನಲ್ಲಿ ಇದ್ದೂ ಇಲ್ಲದಂತಿರಬೇಕು.

ಬರೆದುಕೊಂಡೆ. ಬರೆಯುತ್ತಲೇ ಹೊಡೆದುಹಾಕಿದೆ:
ಗಾಜು ಹಿಗ್ಗಿದರೆ ಗುಂಡಿಗೆ ಜಾಗವಿಲ್ಲ,
ಗಾಜಿನ ಬೆಳಕು ಬ್ಯಾಟರಿಯ ಅನ್ನ ಉಣ್ಣುತ್ತದೆ,
ಬ್ಯಾಟರಿ ಕೊಬ್ಬಿದರೆ ಜೇಬು ಹರಿಯುತ್ತದೆ,
ಕಣ್ಣಿಗೆ ಆಳ ಬೇಕು, ಆಳಕ್ಕೆ ದಪ್ಪ.
ಹನ್ನೊಂದು ವರ್ಷದಿಂದ ಇದೇ ಕೆಲಸ ನನಗೆ:
ಅಂಗೈಯಗಲದ ಹೊಲ,
ಆರು ಜನ ದಾಯಾದಿಗಳು,
ನಡುವೆ ಹಗ್ಗ ಹಿಡಿದು ಅಳೆಯುವವಳು ನಾನು.

"ಎಲ್ಲವೂ ಒಂದರಲ್ಲೇ ಆಗದು" ಅಂದೆ,
ಕದ್ದು ಸಿಕ್ಕಿಬಿದ್ದವಳ ಹಾಗೆ.

ಆತ ನಕ್ಕ. ಸೊಂಟಪಟ್ಟಿ ಬಿಚ್ಚಿ ಮೇಜಿಗಿಟ್ಟ.
ಅದರಲ್ಲಿ ಎರಡು ಚೂರಿ.
ದೊಡ್ಡದು ಬರ್ಚ್ ಕೊಂಬೆಗೆ, ಮೂಳೆಗೆ.
ಸಣ್ಣದು ಕರುವಿನ ಕಿವಿಗೆ,
ಮತ್ತೆ ರೊಟ್ಟಿಗೆ ಬೆಣ್ಣೆ ಸವರಲಿಕ್ಕೆ.
"ಅಪ್ಪನ ಹತ್ತಿರವೂ ಎರಡಿತ್ತು. ಅಜ್ಜನ ಹತ್ತಿರವೂ.
ನಡುವಿನದೊಂದು ಮಾಡಿಸೋಣ ಅಂತ
ಯಾರಿಗೂ ಹೊಳೆಯಲಿಲ್ಲ, ಹಿಲ್ಕಾ."

ಬಾಗಿಲು ದಾಟಿ ಹತ್ತು ಹೆಜ್ಜೆ ಇಟ್ಟಿದ್ದೆ,
ನನ್ನ ಮಾದರಿ ಚಳಿಗೆ ಕಣ್ಣು ಮುಚ್ಚಿತು.
ಬಸ್ಸು ಎಷ್ಟೊತ್ತಿಗೆ ಎಂದು
ಅವನ ಮಾಸಿದ ಗುಂಡಿ ಫೋನೇ ಕೇಳಿ ಹೇಳಿತು.
ಅದಕ್ಕೆ ಕಣ್ಣೇ ಇರಲಿಲ್ಲ.