ಏಳ ನನ್ನೆಮ್ಮಿ

ಸೊಲ್ಲಾಪುರದ ಸಾತ್ ರಸ್ತಾದಾಗ
ಏಳು ದಾರಿ ಕೂಡತಾವ ಅಂತಾರ.
ನಾ ಎಣಿಸೇನಿ, ಎಂಟು.
ಎಂಟನೇದ್ದು ಡೆಪೋದ ಗೇಟಿನೊಳಗ ಹೋಗಿ
ಹೊಳ್ಳಿ ಬರತಿತ್ತು.

ಅವ್ವ ಅಲ್ಲಿ ಗಾಡಿ ತೊಳೀತಿದ್ಲು, ರಾತ್ರಿಪಾಳಿ.
ಕಡೀ ಸೀಟಿನ ಮ್ಯಾಲ ನನ್ನ ಹಾಸಿಗಿ.
ಪೈಪಿನ ನೀರು ಹೊರಗಿಂದ ಕಿಡಕಿಗೆ ಬಡದಾಗ
ಮಳಿ ಅಂದ್ರ ಇದ ಇರಬೇಕು ಅಂತ
ಭಾಳ ದಿನ ತಿಳದಿದ್ದೆ.
ಸೀಟಿನ ಬುಡಕ ತೆವಳಿದರ ಏನೇನೋ ಸಿಗತಿತ್ತು.
ಹೇರಪಿನ್ನು, ಅರ್ಧ ತಿಂದ ಶೇಂಗಾದ ಪೊಟ್ಟಣ,
ಒಂದ ಕಾಲಿನ ಗೆಜ್ಜಿ.
ಒಮ್ಮೆ ಹಲ್ಲಿನ ಸೆಟ್ಟು.
ಅದನ್ನ ಯಾರೂ ಕೇಳಾಕ ಬರಲಿಲ್ಲ.

ಬೇಲಿಯ ಹೊರಗ ಇಲಾಹಿ ನದಾಫ, ನರಸಯ್ಯ ಗಡ್ಡಂ.
ತಂತಿಗೆ ಹಣಿ ಹಚ್ಚಿ ನಿಂತು ನಿಂತು
ಹಣಿ ಮ್ಯಾಲ ಚೌಕ ಚೌಕ ಗುರುತು.
ಸಾಲಿ ತಪ್ಪಿಸಿ ನಂಬರ ಬರಕೋತಿದ್ರು
ಗಣಿತದ ವಹಿಯ ಹಿಂದಿನ ಹಾಳಿಗೆ.
ಇಲಾಹಿಗೆ ಕಿವಿ.
ಹೊಟಗಿ ರೋಡಿನ ತಿರುವಿನ್ಯಾಗ ಗೇರ ಬಿದ್ದ ದನಿಗೇ ಹೇಳಾಂವ,
'ಮೂವತ್ನಾಕು. ಕ್ಲಚ್ಚು ಮುಗದೈತಿ.
ಓಡಸಾಂವ ಮನ್ಯಾಗ ಜಗಳಾಡಿ ಬಂದಾನ.'
ನರಸಯ್ಯನ ಅಪ್ಪ ಚಾದರದ ನೂಲಿಗೆ ಬಣ್ಣ ಅದ್ದಾಂವ.
ಮಗ ಬಸ್ಸಿನ ಕೆಂಪಿನ್ಯಾಗ ಹದಿನಾಲ್ಕು ಕೆಂಪು ಕಂಡಿದ್ದ,
ಬಿಸಲುಂಡ ಕೆಂಪು, ಟೆಂಡರಿನ ಕೆಂಪು,
ಗುದ್ದಿಸಿಕೊಂಡು ತೇಪಿ ಹಚ್ಚಿದ ಕೆಂಪು.
ನನಗ ಅಂಥಾ ಜಾಣತನ ಇರಲಿಲ್ಲ.
ನನ್ನನ್ನ ಒಳಗ ಬಿಡತಿದ್ರು, ಅಷ್ಟ.
ಅದಕ್ಕ ನನ್ನ ಗೆಳೆತನ ಮಾಡಿದ್ರು.
ಗೊತ್ತಿತ್ತು. ನಡೀಲಿ ಅಂದಿದ್ದೆ.

ಬೆಳಗಿನ ನಾಕಕ್ಕ ರಾಚಪ್ಪ ಮಿಸ್ತ್ರಿ ಬರಾಂವ,
ಕಿವಿಯಾಗ ಅರ್ಧ ಬೀಡಿ, ಹೆಗಲ ಮ್ಯಾಲ ಎಣ್ಣಿ ಅರಬಿ.
ರಜಿಸ್ಟರು ಮರಾಠಿ, ಬೈಗುಳ ತೆಲುಗು,
ಪಾರ್ಟಿನ ಹೆಸರೆಲ್ಲಾ ಮುರುಕ ಇಂಗ್ಲಿಷು.
ಖರೆ, ಥಂಡ್ಯಾಗ ಹಟ ಹಿಡದ ಎಂಜಿನ್ನಿಗೆ ಮಾತ್ರ ಕನ್ನಡ.
ಬಾನೆಟ್ಟಿನ ಮ್ಯಾಲ ಅಂಗೈ ಇಟ್ಟು ಅಂತಿದ್ದ,
'ಏಳ ನನ್ನೆಮ್ಮಿ, ಏಳ.
ಮಂದಿ ಗಿರಣಿಗೆ ಹೋಗಬೇಕು, ನೀ ಮಲಗಿದರ ಹ್ಯಾಂಗ?'
ಎಮ್ಮಿ ಕೆಮ್ಮತಿತ್ತು. ಕರೀ ಹೊಗಿ ಉಗಳತಿತ್ತು.
ಒಂದರ ಹಿಂದ ಒಂದು ನಲವತ್ತು ಎಮ್ಮಿ
ಎದ್ದು ಮೈ ಕೊಡವತಿದ್ದವು.
ಅವ್ವನ ಬಕೀಟಿನ ನೀರಿನ್ಯಾಗ
ಬಳಿ ಬಳಿಯಾಗಿ ನಡುಕ ಏಳತಿತ್ತು.
ಆ ನಡುಕ
ನನ್ನ ಹಲ್ಲಿನ್ಯಾಗ ಇನ್ನೂ ಐತಿ.

ಮೊದಲ ಗಿರಣಿಯ ಭೋಂಗಾ ನಿಂತಿತು.
ಆಮ್ಯಾಲ ರಾಚಪ್ಪ. ಆಮ್ಯಾಲ ಎಮ್ಮಿಗೋಳು
ತೂಕದ ಲೆಕ್ಕದ ಮ್ಯಾಲ ಹರಾಜಿಗೆ ಹ್ವಾದವು.
ಗಾಡಿ ಬುಡಕ ನಿಂತು ಕೆಲಸ ಮಾಡೂ ತೆಗ್ಗಿನ್ಯಾಗ
ಈಗ ಜಾಲಿ ಬೆಳದು, ತುದಿ ಮ್ಯಾಲ ಬಂದೈತಿ,
ಏನೋ ರಿಪೇರಿ ಮುಗಿಸಿ ಎದ್ದಾಂವರ ಗತೆ.

ಗುರುವಾರಕ್ಕೊಮ್ಮೆ ಗೇಟಿನ ಎದುರ ಚಾದಂಗಡಿಯಾಗ
ಮೂರೂ ಮಂದಿ ಕೂಡತೇವಿ.
ಬೇವಿನ ಗಿಡದ ಬುಡಕ ನಿಲ್ಲತಿದ್ದದ್ದು ಯಾವ ಗಾಡಿ?
ಇಪ್ಪತ್ತು ವರ್ಷದಿಂದ ಇದ ಜಗಳ.
ನಿನ್ನೆ ಮಾತು ಏರಿತು. ನರಸಯ್ಯ ಕಪ್ಪು ಕುಕ್ಕಿದ.
ಇಲಾಹಿ ಬಶಿಯನ್ನ ಸ್ಟೇರಿಂಗಿನಂಗ ಹಿಡದು,
ಮೊಣಕಾಲನ್ನ ಗೇರು ಮಾಡಿ,
ತುಟಿಯಿಂದ ಗಾಡಿ ಶುರು ಮಾಡಿದ.
ಫಸ್ಟು. ಸೆಕೆಂಡು. ಆ ಮುರುಕ ಕ್ಲಚ್ಚಿನ ಕಿರುಚು.
ಅರವತ್ತೇಳರ ಗಂಟಲು. ಆದರೂ ದನಿ
ರಸ್ತಾ ದಾಟಿತು.

ಒಳಗಿದ್ದ ಮುದುಕ ವಾಚಮನ್ ಎದ್ದು ಬಂದ.
ಸರಪಳಿ ಬಿಚ್ಚಿದ. ಗೇಟು ಅರ್ಧ ತಗದು
ರಿಕ್ಷಾಗಳಿಗೆ ಕೈ ಅಡ್ಡ ಹಿಡದು
ಕತ್ತಲಿಗೆ ಕೇಳಿದ, 'ಎಷ್ಟನೇ ನಂಬರ?'

'ಮೂವತ್ನಾಕು' ಅಂದ ಇಲಾಹಿ.
'ಐವತ್ತೊಂದು' ಅಂದ ನರಸಯ್ಯ.
ನನಗ ನಂಬರ ಎಂದೂ ನೆನಪ ಉಳಿದಿಲ್ಲ.
'ಕಡೀ ಸೀಟು ಹರದಿರೂದು' ಅಂದೆ.

'ಹಾಂ, ಅದಾ' ಅಂದ ಮುದುಕ.
ಗೇಟು ಪೂರಾ ತಗದ.