ಚಿಪ್ಪು

ಸ್ಯಾನ್ ಹೋಸೆಯ ಆಲಮ್ ರಾಕ್ ರಸ್ತೆಯಲ್ಲಿ ನನ್ನದೊಂದು ಅಂಗಡಿ.
ಎರಡು ಕುರ್ಚಿ, ಉದ್ದಕ್ಕೆ ಒಂದೇ ಕನ್ನಡಿ,
ಇಗರ್ಜಿಯ ಗಂಟೆ ಹೊಡೆದರೆ ಕತ್ತರಿ ತಾನಾಗಿ ನಿಲ್ಲುವಷ್ಟು ಹತ್ತಿರ.

ತಮ್ಮ ಜೆರ್ಮಾನೊ ಹಿಲ್ಮಾರಿನಲ್ಲಿ ಹಸು ಸಾಕಿದ್ದ.
ಹೋದ ಚಳಿಗಾಲ ತೀರಿಕೊಂಡ. ನೂರಾ ನಲವತ್ತು ಹಸು
ಲಾರಿ ಹತ್ತಿದವು, ಒಂದೂ ತಿರುಗಿ ನೋಡಲಿಲ್ಲ.
ನನ್ನ ಪಾಲಿಗೆ ಹನ್ನೊಂದು ಸಾವಿರದ ಇನ್ನೂರು ಡಾಲರು,
ಬಿಸ್ಕತ್ತಿನ ಡಬ್ಬಿಯಲ್ಲಿ.

ಬ್ಯಾಂಕಿನಲ್ಲಿಟ್ಟರೆ ಗೊಡ್ಡು, ಅಂದರು ಗಿರಾಕಿಗಳು.
ಷೇರು ಕೊಳ್ಳು ಆನ್ಸೆಲ್ಮೊ, ಚಿಪ್ಪಿನ ಷೇರು.
ಯಾರ ಚಿಪ್ಪಿನದು?
ಅಲ್ಲೇ ಬಂತು ತೊಡಕು.

ನನ್ನಲ್ಲಿ ತಲೆ ಕೊಡುವವರು ಎರಡು ಬಣ:
ಕೊರಳಿಗೆ ನೀಲಿ ಪಟ್ಟಿಯವರು, ಕೆಂಪು ಪಟ್ಟಿಯವರು.
ಮಾಡುವುದು ಇಬ್ಬರೂ ಒಂದೇ ಬಗೆಯದು.
ಹುಟ್ಟುವಾಗ ಅದು ಏನೂ ಅಲ್ಲವಂತೆ,
ಕೊಂಡವನು ಬರೆದಂತೆ ಆಗುತ್ತದಂತೆ:
ಇವತ್ತು ಟೆಲಿಫೋನ್ ಕಂಬದ ಕಿವಿ,
ನಾಳೆ ಎಕ್ಸ್‌ರೇ ಯಂತ್ರದ ಕಣ್ಣು,
ಬೇಡವೆಂದರೆ ಅಳಿಸಿ ಮತ್ತೆ ಬರಿ.
ತಲೆಯ ಹಾಗೇ ಬಿಡಿ, ಅಂದೆ, ತಿಂಗಳು ಕಾದರೆ ಮತ್ತೆ ಹೊಸ ಬೆಳೆ.
ನೀಲಿಯ ತಡೇಯುಸ್ ನಕ್ಕ, ನೊರೆ ಮೂಗಿಗೇರಿತು.

ಲೆಕ್ಕಪತ್ರ ಓದಲು ಬಾರದು ನನಗೆ, ತಲೆ ಓದಬಲ್ಲೆ.
ಕೆಂಪಿನವರಿಗೆ ನೆತ್ತಿಯಲ್ಲಿ ಬೇಗ ನರೆ.
ನೀಲಿಯವರು ಟಿಪ್ಸಿಗೆ ಧಾರಾಳ,
ಆದರೆ ಉಗುರು ಕಚ್ಚುತ್ತಾರೆ.
ರಟ್ಟಿನ ಪುಸ್ತಕದಲ್ಲಿ ನಡುವೆ ಗೆರೆ ಎಳೆದು ಬರೆದಿಟ್ಟೆ
ಯಾರು ಎಷ್ಟು ದಿನಕ್ಕೊಮ್ಮೆ ಬಂದರು,
ಯಾರು ಕತ್ತರಿಯ ಸದ್ದಿಗೇ ಗೊರಕೆ ಹೊಡೆದರು,
ಮಗಳ ಹುಟ್ಟುಹಬ್ಬ ಮರೆತದ್ದು
ಯಾರಿಗೆ ಬಿಸಿ ಟವೆಲಿನ ಕೆಳಗೆ ನೆನಪಾಯಿತು.

ಡಿಯೊಲಿಂಡಾ ಮೀನಿನ ಪೊರೆ ಕೆರೆಯುತ್ತ ಅಂದಳು:
ಊರನ್ನು ಬೋಳಿಸಿದವನನ್ನು
ಈಗ ಊರೇ ಬೋಳಿಸುತ್ತದೆ, ನೋಡುತ್ತಿರು.
ಕೊನೆಗೆ ಕೈಗೆ ಬರುವುದು ಚಿಪ್ಪೇ.

ಅಕ್ಟೋಬರಿನ ಒಂದು ಮಂಗಳವಾರ
ನೀಲಿಯ ಐವರು ಬಂದರು, ಒಬ್ಬರ ಹಿಂದೊಬ್ಬರು,
ಕೆಲಸದ ಹೊತ್ತಿನಲ್ಲಿ. ಪಟ್ಟಿ ಜೇಬಿನೊಳಗೆ.
'ಒಪ್ಪವಾಗಿರಲಿ, ಕಿವಿ ಕಾಣಲಿ.'
ಬಲ್ಲೆ ಆ ಕ್ರಾಪು. ಹೊಸ ಧಣಿಯ ಮುಂದೆ
ಕೂರಲು ಹೋಗುವ ಕ್ರಾಪು.
ಆಹಾ, ಎಂದುಕೊಂಡೆ, ಪೇಟೆಗಿಂತ ಮೊದಲು
ನನಗೆ ತಿಳಿಯಿತು. ಕೆಂಪೇ ಸರಿ.
ದಲ್ಲಾಳಿಯ ನಂಬರು ಚೀಟಿಯಲ್ಲಿ ಬರೆದು
ಕನ್ನಡಿಗೆ ಅಂಟಿಸಿದೆ.

ಶುಕ್ರವಾರ ಕೆಂಪಿನ ನಾಲ್ವರು.
ಅದೇ ಜೇಬು. ಅದೇ 'ಕಿವಿ ಕಾಣಲಿ'.

ಅವರು ಇಲ್ಲಿಗೆ, ಇವರು ಅಲ್ಲಿಗೆ. ನಡುವೆ
ಒಂದು ಹೆದ್ದಾರಿ, ಮತ್ತೆ ನಾನು.
ವಾರದ ಕೂದಲೆಲ್ಲ ಒಂದೇ ಚೀಲದಲ್ಲಿತ್ತು.
ಬೇರೆ ಬೇರೆ ಮಾಡಿ ತೂಗಬೇಕೆಂದರೆ
ಯಾವುದು ನೀಲಿಯದು, ಯಾವುದು ಕೆಂಪಿನದು?

ನಾಲ್ವರಲ್ಲಿ ಕೊನೆಯವ, ತ್ವಾನ್ ಎಂಬ ಹುಡುಗ,
ಚಿಲ್ಲರೆ ಸಾಲದೆ ಒಂದು ಚಿಪ್ಪು ಇಟ್ಟುಹೋದ.
ಪರೀಕ್ಷೆಯಲ್ಲಿ ಬಿದ್ದದ್ದು. ಒಂದು ಮೂಲೆ ಸತ್ತಿದೆ,
ಉಳಿದದ್ದು ಬದುಕಿದೆ, ಅಂದ.
ಇದರೊಳಗೆ ಏನು ಬರೆದಿದೆ?
ಏನೂ ಇಲ್ಲ. ಕರೆಂಟು ಹೋದರೆ ಎಲ್ಲ ಮರೆಯುತ್ತದೆ.
ಪ್ರತಿ ಸಲ ಎಬ್ಬಿಸಿದಾಗಲೂ ಹೇಳಿಕೊಡಬೇಕು,
ನೀನು ಇಂಥದು ಅಂತ.

ಟವೆಲು ಮಡಿಸುತ್ತಿದ್ದ ಕೈ ಹಾಗೇ ನಿಂತಿತು.
ಕಡೆಯ ಎರಡು ವರ್ಷ
ಬೆಳಗಿನ ಐದು ಗಂಟೆಗೆ ಫೋನು ಹಚ್ಚಿ
ನಾನೂ ಹೇಳುತ್ತಿದ್ದೆ: ನೀನು ಜೆರ್ಮಾನೊ.
ನಾವು ತೆರ್ಸೇರಾ ದ್ವೀಪದವರು. ನಾನು ನಿನ್ನಣ್ಣ.
ಹೊರಗೆ ಕೂಗುತ್ತಿರುವುದು ನಿನ್ನ ಹಸು, ಹೋಗಿ ಕರಿ.
ಹೋಗುತ್ತಿದ್ದ. ಕೆಚ್ಚಲು ಮುಟ್ಟಿದರೆ ಕೈಗೆ ಎಲ್ಲ ಗೊತ್ತಿತ್ತು.

ಚಿಪ್ಪು ಈಗ ಬ್ಲೇಡಿನ ಡ್ರಾಯರಿನಲ್ಲಿದೆ.
ಡಬ್ಬಿ ಕಪಾಟಿನ ಮೇಲೆ. ಯಾವುದು ಕೊಂಡೆ ಎಂದು
ಡಿಯೊಲಿಂಡಾ ಕೇಳುವುದನ್ನು ಬಿಟ್ಟಿದ್ದಾಳೆ.
ಕನ್ನಡಿಯ ಚೀಟಿ ಮಾತ್ರ ಕಿತ್ತಿಲ್ಲ.
ನೀಲಿ ಕೂರಲಿ, ಕೆಂಪು ಕೂರಲಿ, ಕುರ್ಚಿ ಎತ್ತರಿಸಿದಾಗ
ದಲ್ಲಾಳಿಯ ನಂಬರು
ಸರಿಯಾಗಿ ಅವರ ಹಣೆಗೇ ಬರುತ್ತದೆ.